ಮಡಕೆ ಹಿಡಿದ ಸಿಂಧಿ ಮೇಷ್ಟ್ರು

ಮುಂಬಯಿಯ ಚರ್ಚ್‌ಗೇಟ್ ಸ್ಟೇಷನ್ನಿಂದ ಹೊರಬಿದ್ದು ಮೈಕ್ ಹಿಡ್ಕೊಂಡು ಸಮುದ್ರದ ಗಾಳಿ ಬರೋ ಕಡೆಗೆ ನಡೀತಿದ್ದೀನಿ. ಈ ಬೀದಿಯ ಹೆಸರು ಬರೀ 'ಎ ರೋಡ್'. ಹೆಸರಿಟ್ಟವರು ಜಾಸ್ತಿ ತಲೆ ಕೆಡಿಸಿಕೊಂಡ ಹಾಗಿಲ್ಲ. ಅಲ್ಲಿ ಕಾಣ್ತಿರೋದು ಜೈ ಹಿಂದ್ ಕಾಲೇಜು. ಹೊರಗೆ ಚಹಾ ಕುಡೀತಿದ್ದ ಮೂರು ಜನರನ್ನ ಕೇಳಿದೆ, ಪ್ರೊಫೆಸರ್ ರಾಮ್ ಪಂಜ್ವಾಣಿ ಅಂತ ಕೇಳಿದ್ದೀರಾ? ಇಬ್ಬರು ತಲೆ ಅಲ್ಲಾಡಿಸಿದ್ರು. ಒಬ್ಬ ಹುಡುಗಿ ಮಾತ್ರ, 'ನಮ್ಮಜ್ಜಿ ಹೇಳ್ತಿದ್ರು, ಮಟ್ಕಾ ಬಾರಿಸ್ಕೊಂಡು ಹಾಡ್ತಿದ್ರಲ್ಲ, ಅವರೇ ಅಲ್ವಾ?' ಅಂದ್ಲು.

ಮಟ್ಕಾ ಅಂದ ಕೂಡಲೇ ನಮ್ಮ ಕಡೆಯವರಿಗೆ ಓಸಿ ಚೀಟಿ ನೆನಪಾಗುತ್ತೆ. ಇದು ಆ ಮಟ್ಕಾ ಅಲ್ಲ ಸ್ವಾಮಿ, ಮಣ್ಣಿನ ಮಡಕೆ.

ನಿಜ ಹೇಳ್ತೀನಿ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಸಿಂಧಿ ಹೈಸ್ಕೂಲಿನ ಬೋರ್ಡನ್ನ ಎಷ್ಟೋ ಸಲ ನೋಡಿದ್ದೀನಿ. ಸಿಂಧಿ ಅನ್ನೋದು ಯಾರ ಭಾಷೆ, ಎಲ್ಲಿಂದ ಬಂತು, ಒಂದು ದಿನಾನೂ ಯೋಚನೆ ಮಾಡಿರಲಿಲ್ಲ. ಆ ಪ್ರಶ್ನೆ ಹುಟ್ಟಿದ್ದೇ ಈ ಮೇಷ್ಟ್ರ ಕಥೆ ಓದಿದ ಮೇಲೆ.

ರಾಮ್ ಪಂಜ್ವಾಣಿ ಹುಟ್ಟಿದ್ದು 1911ರ ನವೆಂಬರ್ 20, ಈಗ ಪಾಕಿಸ್ತಾನದಲ್ಲಿರೋ ಸಿಂಧ್‌ನ ಲಾರ್ಕಾನಾದಲ್ಲಿ. ನಾವು ಶಾಲೆಯಲ್ಲಿ ಉರು ಹೊಡೆದ ಮೊಹೆಂಜೊದಾರೋ ಇರೋದು ಅದೇ ಸೀಮೆಯಲ್ಲಿ. ಕರಾಚಿಯ ಡಿ.ಜೆ. ಸಿಂಧ್ ಕಾಲೇಜಲ್ಲಿ ಸಿಂಧಿ ಪಾಠ ಹೇಳ್ತಿದ್ರು. ಆಮೇಲೆ 1947 ಬಂತು, ದೇಶ ಒಡೀತು. ಅಲ್ಲಿಂದ ಎದ್ದು ಬಂದ ಅಧ್ಯಾಪಕರು ಕೆಲವರು ಸೇರಿ 1948ರಲ್ಲಿ ಮುಂಬಯಿಯಲ್ಲಿ ಹೊಸದಾಗಿ ಶುರುಮಾಡಿದ ಕಾಲೇಜೇ ನಾನೀಗ ಎದುರಿಗೆ ನಿಂತಿರೋದು. ಮನೆ ಹೋಗಿದೆ, ಊರು ಹೋಗಿದೆ, ಮುಂದಿನ ತಿಂಗಳ ಗತಿ ಏನೋ ಗೊತ್ತಿಲ್ಲ, ಇವರು ಕಾಲೇಜು ತೆಗೀತಾರೆ! ಪಂಜ್ವಾಣಿಯವರೂ ಇಲ್ಲೇ ಮೇಷ್ಟ್ರಾದ್ರು. ಕಾದಂಬರಿ, ನಾಟಕ, ಪ್ರಬಂಧ ಎಲ್ಲಾ ಬರೆದ್ರು. 'ಅನೋಖಾ ಆಜ್ಮೂದಾ' ಪುಸ್ತಕಕ್ಕೆ 1964ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1981ರಲ್ಲಿ ಪದ್ಮಶ್ರೀ.

ಇಷ್ಟೆಲ್ಲ ಬರೆದವರು ಕೊನೆಗೂ ಜನರ ನೆನಪಲ್ಲಿ ಉಳಿದಿದ್ದು ಮಡಕೆಯಿಂದ. ನನಗೆ ಮೊದಲು ಇದು ಪಾಪ ಅನ್ನಿಸ್ತು. ಈಗ ಹಾಗನ್ನಿಸಲ್ಲ.

ಪಂಜಾಬು ಒಡೆದಾಗ ಒಂದು ಪಾಲು ಇಲ್ಲಿ ಉಳೀತು. ಬಂಗಾಳದ್ದೂ ಅಷ್ಟೇ. ಸಿಂಧ್ ಮಾತ್ರ ಇಡಿಯಾಗಿ ಗಡಿಯ ಆಚೆ ಹೋಯ್ತು. ಈಚೆ ಬಂದ ಸಿಂಧಿಗಳಿಗೆ ಒಂದು ಜಿಲ್ಲೇನೂ ಸಿಗಲಿಲ್ಲ. ಕಲ್ಯಾಣ್, ಅಜ್ಮೇರ್, ಅಹಮದಾಬಾದ್ ಅಂತ ಸಿಕ್ಕ ಕಡೆ ಬಿದ್ದು ಬದುಕಿದ್ರು. ನಮ್ಮೂರಲ್ಲಿ ಬೋರ್ಡಿನ ಮೇಲೆ ಕನ್ನಡ ಎಷ್ಟಿರಬೇಕು ಅಂತ ಜಗಳ ಆಡ್ತೀವಿ, ಆಡಬೇಕಾದ್ದೇ. ಇವರಿಗೆ ಬೋರ್ಡು ಹೊಡೆಯೋಕೆ ತಮ್ಮದು ಅನ್ನೋ ಗೋಡೇನೇ ಇರಲಿಲ್ಲ. ಸಂವಿಧಾನ ಬಂದಾಗ ಎಂಟನೇ ಷೆಡ್ಯೂಲಲ್ಲಿ, ಅಂದ್ರೆ ಸಂವಿಧಾನ ಮನ್ನಣೆ ಕೊಟ್ಟ ಭಾಷೆಗಳ ಪಟ್ಟಿಯಲ್ಲಿ, 14 ಭಾಷೆ ಇತ್ತು, ಸಿಂಧಿ ಇರಲಿಲ್ಲ. ಅದು ಸೇರಿದ್ದು 1967ರ ಏಪ್ರಿಲ್ 10ಕ್ಕೆ.

ಅದರ ಮೇಲೆ ಲಿಪಿ ಜಗಳ ಬೇರೆ. ಸಿಂಧಿಗೆ ಅರಬ್ಬಿ ಮೂಲದ, 52 ಅಕ್ಷರದ ಲಿಪಿ ಇದೆ. ಇಲ್ಲಿ ದೇವನಾಗರಿಯಲ್ಲಿ ಬರೆಯೋಣ ಅಂದವರು ಒಂದು ಕಡೆ, ಹಳೇ ಲಿಪಿ ಬಿಟ್ರೆ ಸಾಹಿತ್ಯವೇ ಹೋಯ್ತು ಅಂದವರು ಇನ್ನೊಂದು ಕಡೆ. ದೊಡ್ಡವರು ವಾದ ಮಾಡ್ತಾನೇ ಇದ್ರು, ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದ್ರು. ಹೀಗಿರುವಾಗ ಪುಸ್ತಕ ಬರೆದರೆ ಓದೋರು ಯಾರು? ಹಾಡಿಗಾದ್ರೆ ಕಿವಿ ಇದ್ರೆ ಸಾಕು. ಮೇಷ್ಟ್ರು ಮಡಕೆ ಹಿಡ್ಕೊಂಡು ಸಿಂಧಿಗಳಿರೋ ಊರುಗಳಿಗೆ ಹೊರಟಿದ್ದು ಇದಕ್ಕೇ ಅಂತ ನನ್ನ ಲೆಕ್ಕಾಚಾರ.

ಅವರ ಇನ್ನೊಂದು ಕೆಲಸ ಇನ್ನೂ ದೊಡ್ಡದು. ಮೀನಿನ ಮೇಲೆ, ತಾವರೆಯಲ್ಲಿ ಕೂತಿರೋ ಬಿಳಿ ಗಡ್ಡದ ದೇವರ ಪಟವನ್ನ ಸಿಂಧಿ ಅಂಗಡಿಗಳಲ್ಲಿ ನೋಡಿರ್ತೀರಿ. ಅವನೇ ಝೂಲೆಲಾಲ್, ಸಿಂಧೂ ನದಿಯ ದೇವರು. ಸಿಂಧ್‌ನಲ್ಲಿ ಅವನು ಹಲವರಲ್ಲಿ ಒಬ್ಬ. ಗುರು ನಾನಕ್, ಸೂಫಿ ಸಂತರು, ಎಲ್ಲರಿಗೂ ಸಿಂಧಿ ಹಿಂದೂಗಳು ನಡೆದುಕೊಳ್ತಿದ್ರು. ಅಲ್ಲಿನ ಉಡೇರೋಲಾಲ್ ಅನ್ನೋ ಊರಲ್ಲಿ ಹಿಂದೂಗಳೂ ಮುಸ್ಲಿಮರೂ ಒಂದೇ ಆವರಣದಲ್ಲಿ ಪೂಜೆ ಮಾಡ್ತಾರೆ. ಹೀಗೆ ಹಲವರಲ್ಲಿ ಒಬ್ಬನಾಗಿದ್ದವನನ್ನ ಚದುರಿಹೋದ ಎಲ್ಲಾ ಸಿಂಧಿಗಳ ದೇವರಾಗಿ ಹಾಡು ಹಾಡ್ತಾ ಮನೆಮನೆಗೆ ತಲುಪಿಸಿದವರಲ್ಲಿ ಪಂಜ್ವಾಣಿಯವರದ್ದೇ ದೊಡ್ಡ ಪಾಲು. ಸಿಂಧಿಗಳ ಹೊಸ ವರ್ಷ, ಝೂಲೆಲಾಲ್ ಹುಟ್ಟಿದ ದಿನ ಅಂತ ಆಚರಿಸೋ ಚೇಟಿ ಚಂದ್ ಹಬ್ಬ ಊರೂರಿನಲ್ಲಿ ಮೆರವಣಿಗೆಯಾಗಿ ಬೆಳೆದಿದ್ದೂ ಹಾಗೇ. ಅದು ಬರೋದು ನಮ್ಮ ಯುಗಾದಿಯ ಆಸುಪಾಸಿನಲ್ಲೇ, ಚೈತ್ರದ ಚಂದ್ರನ ಲೆಕ್ಕದಲ್ಲಿ. ನಾವು ಯುಗಾದಿ ಚಂದ್ರ ಕಾಣ್ತಾನಾ ಅಂತ ಮಹಡಿ ಹತ್ತಿ ಕತ್ತು ಚಾಚೋ ಹೊತ್ತಿನಲ್ಲಿ ಇವರು ನೀರಿನ ದಡದಲ್ಲಿ ದೀಪ ಹಿಡ್ಕೊಂಡಿರ್ತಾರೆ. ನದಿ ಬಿಟ್ಟು ಬಂದವರಿಗೆ ಸಮುದ್ರ, ಕೆರೆ, ಯಾವುದಾದ್ರೂ ಆದೀತು.

ಮಧ್ಯಾಹ್ನ ಲೋಕಲ್ ಹತ್ತಿ ಕಲ್ಯಾಣ್ ದಾಟಿ ಉಲ್ಹಾಸ್‌ನಗರಕ್ಕೆ ಬಂದೆ. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಬ್ಯಾರಕ್ಕುಗಳಲ್ಲಿ ನಿರಾಶ್ರಿತರನ್ನ ಇಳಿಸಿದ ಜಾಗ ಇದು. 1949ರ ಆಗಸ್ಟ್ 8ರಂದು ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು ಬಂದು ಊರಿಗೆ ಅಡಿಗಲ್ಲು ಹಾಕಿದ್ರು. ಎಪ್ಪತ್ತೈದು ವರ್ಷದ ಮೇಲೂ ರಿಕ್ಷಾದವರು ಕೇಳೋದು, 'ಯಾವ ಕ್ಯಾಂಪು? ಒಂದಾ, ಮೂರಾ, ಐದಾ?'

ಇಲ್ಲೊಂದು ಅಂಗಡಿಯಲ್ಲಿ ದಾಲ್ ಪಕ್ವಾನ್ ತಿಂತಿದ್ದೀನಿ. ಹಪ್ಪಳದ ಹಾಗೆ ಗರಿಗರಿಯಾದ ಮೈದಾ ಪೂರಿ, ಮೇಲೆ ಕಡಲೆಬೇಳೆ, ಹುಣಸೆ ಚಟ್ನಿ, ಹಸಿ ಈರುಳ್ಳಿ. ಬೆಳಗಿನ ತಿಂಡಿಯಂತೆ, ನಾನು ಮಧ್ಯಾಹ್ನ ಕೇಳಿದ್ದಕ್ಕೆ ಯಜಮಾನರು ನಕ್ಕು, ಆದ್ರೂ ಕೊಟ್ರು. ಪಂಜ್ವಾಣಿ ಅಂದೆ. 'ದಾದಾ ರಾಮ್!' ಅಂತ ಕೈ ಒರೆಸಿಕೊಂಡು ಬಂದು ಕೂತ್ರು. ಇವರಿಗೆ ಸಿಂಧಿ ಓದೋಕೆ ಬರಲ್ಲ. ಅಂಗಡಿ ಬೋರ್ಡು ಹಿಂದಿಯಲ್ಲಿದೆ.

ಮೂಲೆಯಲ್ಲಿ ಕುಡಿಯೋ ನೀರಿನ ಮಡಕೆ ಇತ್ತು. ಬೆರಳಲ್ಲಿ ಬಡಿದು ನೋಡಿದ್ರು. 'ತುಂಬಿದೆ ಬೇಟಾ, ಸದ್ದು ಬರಲ್ಲ' ಅಂದವರು, ಪಕ್ಕದಲ್ಲಿದ್ದ ಖಾಲಿ ಎಣ್ಣೆ ಡಬ್ಬ ತೊಡೆ ಮೇಲಿಟ್ಕೊಂಡ್ರು. ಮೈಕ್ ಹತ್ತಿರ ಹಿಡೀತೀನಿ, ಕೇಳಿ.