ಮನೆ ಕಟ್ಟಿದ ಮೇಲಿನ ಕೆಲಸ

ಕೇಳುಗರೇ, ನಮಸ್ಕಾರ.

ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಅನ್ನುವ ಪಟ್ಟಣ ಇದೆ. ಸುತ್ತ ಕೆಂಪು ಮಣ್ಣಿನ ಒಣ ಸೀಮೆ. ದಕ್ಷಿಣದ ಅಡಿಲೇಡ್ ನಗರಕ್ಕೆ ಹೋದರೂ ಉತ್ತರದ ಡಾರ್ವಿನ್‌ಗೆ ಹೋದರೂ ಸುಮಾರು 1,500 ಕಿಲೋಮೀಟರ್. ಪಟ್ಟಣದಲ್ಲೂ ಅದರ ಅಂಚಿನಲ್ಲೂ ಮೂಲನಿವಾಸಿಗಳ ಕೇರಿಗಳಿವೆ. ಅಲ್ಲಿ ಅವನ್ನು ಟೌನ್ ಕ್ಯಾಂಪ್ ಅನ್ನುತ್ತಾರೆ. ಒಂದು ಕಾಲದಲ್ಲಿ ಈ ಜನರನ್ನು ಪಟ್ಟಣದೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. 1970ರ ದಶಕದಲ್ಲಿ ಅವರೇ ಸೇರಿ ಕಟ್ಟಿಕೊಂಡ ಸಂಸ್ಥೆ ತಂಗೆಂಜರ ಕೌನ್ಸಿಲ್. ಅದಕ್ಕೊಂದು ಸ್ವಂತ ಕಟ್ಟಡ ಕಂಪನಿಯೂ ಇದೆ. ಮನೆ ಕಟ್ಟುವುದು, ರಿಪೇರಿ ಮಾಡುವುದು ಅದರ ಕೆಲಸ.

ಕಟ್ಟುವುದು ಸರಿ, ರಿಪೇರಿಯಲ್ಲಿ ಏನು ದೊಡ್ಡಸ್ತಿಕೆ ಅನ್ನುತ್ತೀರಾ? ನನಗೆ ಮುಖ್ಯ ಅನಿಸುವುದೇ ರಿಪೇರಿ. ಹೊಸ ಮನೆಯ ಟೇಪು ಕತ್ತರಿಸುವುದಕ್ಕೆ ಮಂತ್ರಿಗಳು ಬರುತ್ತಾರೆ. ಆಮೇಲೆ ಬಚ್ಚಲ ನಲ್ಲಿ ಸೋರಿದರೆ ಯಾರು ಬರುತ್ತಾರೆ? ಆ ಸೀಮೆಯ ನೀರು ಗಡಸು. ನಮ್ಮ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದಲ್ಲ, ಅಲ್ಲೂ ಹಾಗೇ. ಕಾಯಿಲ್ ಸುಟ್ಟುಹೋಗುತ್ತದೆ, ವಾಷರ್ ಸವೆಯುತ್ತದೆ. ಬಿಸಿನೀರು ಇಲ್ಲವೆಂದರೆ ಮಕ್ಕಳ ಸ್ನಾನ ತಪ್ಪುತ್ತದೆ, ಕಜ್ಜಿ, ಕಣ್ಣುಬೇನೆ ಶುರುವಾಗುತ್ತವೆ. ದೂರದ ಹಳ್ಳಿಗಳ ಕಥೆ ಕೇಳಲೇಬೇಡಿ. ಪ್ಲಂಬರ್ ನೂರಾರು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬರಬೇಕು. ವಾಷರ್‌ಗಿಂತ ದಾರಿ ಖರ್ಚೇ ಜಾಸ್ತಿ.

ಇದನ್ನು 1985ರಲ್ಲೇ ಗಮನಿಸಿದವರು ಯಾಮಿ ಲೆಸ್ಟರ್. ದಕ್ಷಿಣ ಆಸ್ಟ್ರೇಲಿಯಾದ ಮೂಲನಿವಾಸಿ ಮುಖಂಡರು, ಕಣ್ಣು ಕಾಣುತ್ತಿರಲಿಲ್ಲ. ನಮ್ಮ ಜನ ಕಾಯಿಲೆ ಬೀಳುವುದನ್ನು ಮೊದಲು ತಪ್ಪಿಸಿ ಎಂದು ಅವರು ಒಬ್ಬ ಡಾಕ್ಟರು, ಒಬ್ಬ ಆರ್ಕಿಟೆಕ್ಟ್, ನೀರು, ಚರಂಡಿ, ಸ್ವಚ್ಛತೆ ನೋಡುವ ಒಬ್ಬ ಪರಿಸರ ಆರೋಗ್ಯ ಕೆಲಸಗಾರರಿಗೆ ಕೆಲಸ ಒಪ್ಪಿಸಿದರು. ಅಲ್ಲಿಂದ ಬೆಳೆದ ಯೋಜನೆಯಲ್ಲಿ ಊರಿನವರೇ ಸ್ಪ್ಯಾನರ್, ಟೆಸ್ಟರ್ ಹಿಡಿದು ಮನೆಮನೆಗೆ ಹೋಗುತ್ತಾರೆ. ಸುಮ್ನೆ ಪಟ್ಟಿ ಮಾಡಿಕೊಂಡು ಬರುವ ಹಾಗಿಲ್ಲ, ಮೊದಲ ದಿನವೇ ರಿಪೇರಿ ಶುರುವಾಗಬೇಕು. ಮನೆಯವರೇ ಹಾಳು ಮಾಡುತ್ತಾರೆ ಅಂತ ಎಲ್ಲರ ಬಾಯಲ್ಲೂ ಇತ್ತು. ತೆಗೆದು ನೋಡಿದರೆ ಅಂಥದ್ದು ಶೇ. 10ಕ್ಕೂ ಕಡಿಮೆ. ಹೆಚ್ಚಿನದೆಲ್ಲ ಸಕಾಲಕ್ಕೆ ರಿಪೇರಿ ಇಲ್ಲದ್ದು, ಉಳಿದದ್ದು ಕಟ್ಟಿದವರ ಕಳಪೆ ಕೆಲಸ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 10 ವರ್ಷದ ಲೆಕ್ಕ ತೆಗೆದಾಗ, ಹೀಗೆ ಸರಿಮಾಡಿದ ಮನೆಗಳವರು ಸೋಂಕಿನಿಂದ ಆಸ್ಪತ್ರೆ ಸೇರುವುದು ಬೇರೆ ಹಳ್ಳಿಗಾಡಿನ ಮೂಲನಿವಾಸಿಗಳಿಗಿಂತ ಶೇ. 40ರಷ್ಟು ಕಡಿಮೆ ಇತ್ತು.

ಈಗ ಕೆಲಸದ ವಿಷಯ. ಲೈಸೆನ್ಸ್ ಇಲ್ಲದೆ ಅಲ್ಲಿ ವೈರಿಂಗ್ ಮುಟ್ಟುವ ಹಾಗಿಲ್ಲ. ಲೈಸೆನ್ಸ್ ಬೇಕಾದರೆ ಸಾಮಾನ್ಯವಾಗಿ 4 ವರ್ಷ ಅಪ್ರೆಂಟಿಸ್ ಆಗಿರಬೇಕು. ಹೊರಗಿನ ಕಂಟ್ರಾಕ್ಟರ್ ಆರೇಳು ತಿಂಗಳಲ್ಲಿ ಮನೆ ಎಬ್ಬಿಸಿ ಹೊರಟರೆ ಕೇರಿಯ ಹುಡುಗ ಕಲಿಯುವುದು ಎಲ್ಲಿ? ರಿಪೇರಿ ಕೆಲಸ ವರ್ಷಪೂರ್ತಿ ಇರುತ್ತದೆ. ಕಂಪನಿಯೂ ಊರಿನದೇ ಆದರೆ 4 ವರ್ಷ ನಿಂತು ಕಲಿಯಬಹುದು, ಹುಡುಗಿಯರೂ ಸಹ.

ಇಂಥ ಕಂಪನಿಗಳಿಗೆ ಸರ್ಕಾರದ ಬಾಗಿಲು ತೆರೆದದ್ದು 2015ರ ಜುಲೈನಲ್ಲಿ. 80,000ದಿಂದ 2 ಲಕ್ಷ ಡಾಲರ್‌ವರೆಗಿನ ಕೇಂದ್ರ ಸರ್ಕಾರದ ಗುತ್ತಿಗೆಗಳನ್ನು ಮೊದಲು ಮೂಲನಿವಾಸಿ ಕಂಪನಿಗಳಿಗೆ ಕೊಡಬಹುದೇ ಎಂದು ನೋಡಬೇಕು ಅನ್ನುವ ನಿಯಮ ಬಂತು. ಕರ್ನಾಟಕದಲ್ಲೂ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲು ಇದೆ ಅಲ್ವಾ, ಹೆಚ್ಚೂಕಡಿಮೆ ಆ ದಾರಿಯದೇ. ಹಾಗಾಗಿ ಬೇನಾಮಿ ಕಾಟವೂ ತಪ್ಪಲಿಲ್ಲ. ಹೆಸರು ಮೂಲನಿವಾಸಿಯದು, ಲಾಭ ಇನ್ಯಾರದೋ. ಮೊದಲು ಅರ್ಧ ಪಾಲು ಇದ್ದರೆ ಸಾಕಿತ್ತು. 2026ರ ಜುಲೈ 1ರಿಂದ ಶೇ. 51ರಷ್ಟು ಒಡೆತನ ಅಥವಾ ಹಿಡಿತ ಬೇಕು ಎಂದು ಸರ್ಕಾರ 2025ರಲ್ಲಿ ಹೇಳಿತು. ಒಳ್ಳೆಯದೇ. ಆದರೆ ಟೆಂಡರ್ ಕೊಡುವವರು ಇನ್ನೊಂದನ್ನೂ ಕೇಳಲಿ ಅನಿಸುತ್ತದೆ: ನಿಮ್ಮಲ್ಲಿ ಅಪ್ರೆಂಟಿಸ್ ಸೇರಿದವರು ಎಷ್ಟು, ಲೈಸೆನ್ಸ್ ಪಡೆದು ಹೊರಬಂದವರು ಎಷ್ಟು?

ನಮಸ್ಕಾರ.