14 ವರ್ಷ ಬೇವಿನ ಮರದ ಕೆಳಗೆ ನಿಂತಿದ್ದ ಕಾಕಾನ ಪದ್ಮಿನಿ

ನಮಸ್ಕಾರ್ರೀ ಎಲ್ಲರಿಗೂ. ಇದು ನಮ್ಮ ಕಾಕಾನ ಪ್ರೀಮಿಯರ್ ಪದ್ಮಿನಿ, 1978ರ ಗಾಡಿ. ಈಗ ನೀವು ನೋಡುತ್ತಿರುವುದು ಹೋದ ವರ್ಷ ದೀಪಾವಳಿ ಮುಗಿದ ಮೇಲೆ ತೆಗೆದದ್ದು. ಶಹಾಬಾದ್ ಕಡೆ ನಮ್ಮ ಹೊಲದ ಮನೆ, ಹಿಂದೆ ಬೇವಿನ ಮರ, ಅದರ ಕೆಳಗೆ 14 ವರ್ಷದಿಂದ ಅಲುಗಾಡದೆ ನಿಂತ ಕಾರು. ನಾಲ್ಕೂ ಟೈರು ನೆಲಕ್ಕೆ ಅಂಟಿವೆ. ಹಿಂದಿನ ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿದೆ, ನಿಜವಾಗಿ.

ಈ ಕಾರಲ್ಲಿ ಕಾಕಾ ಹೊಲದಿಂದ ಕಲಬುರಗಿ ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ತೊಗರಿಯ ಸ್ಯಾಂಪಲ್ ಒಯ್ಯುತ್ತಿದ್ದರು. ಡಿಕ್ಕಿ ತೊಳೆಯುವಾಗ ರಬ್ಬರ್ ಸಂದಿಯಿಂದ ಹಿಡಿ ತೊಗರಿ ಕಾಳು ಬಂತು, ಒಣಗಿ ಕಪ್ಪಾಗಿತ್ತು. ಅದನ್ನು ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ.

ಹೊಸಬರಿಗಾಗಿ ಒಂದೆರಡು ಮಾತು. ಪದ್ಮಿನಿ ಅಂದರೆ ಮೂಲದಲ್ಲಿ ಇಟಲಿಯ ಫಿಯಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿತ್ತು. ಅದಕ್ಕೇ ನಮ್ಮ ಕಡೆ ಹಿರಿಯರು ಇವತ್ತಿಗೂ ಇದನ್ನು ಫಿಯಟ್ ಅಂತಲೇ ಕರೆಯುತ್ತಾರೆ. 1089 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಆಗ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಕಾನೂ ಕಾದಿದ್ದರು.

ಬಾನೆಟ್ ಎತ್ತಿದಾಗ ನನಗೆ ಹೊಟ್ಟೆ ಧಸಕ್ ಅಂತು. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್ ಇಲ್ಲ. ಕಿಡಿ ಹಾರಿಸುವ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಇಲ್ಲ. ರೇಡಿಯೇಟರ್ ಜಾಗದಲ್ಲಿ ಬರೀ ಎರಡು ರಬ್ಬರ್ ಪೈಪು ನೇತಾಡುತ್ತಿದ್ದವು. ಕಾರ್ಬುರೇಟರ್ ಕೂರುವ ತೂತಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಪ್ಲಗ್ ಕೂಡ ಇರಲಿಲ್ಲ. ಆಗ ನಾನು ಅದಕ್ಕೆ ಜಾಸ್ತಿ ಬೆಲೆ ಕೊಡಲಿಲ್ಲ, ಪ್ಲಗ್ ಏನು, ಎಲ್ಲಿ ಬೇಕಾದರೂ ಸಿಗುತ್ತೆ ಅಂದುಕೊಂಡೆ. ಆದರೆ ಕೊನೆಗೆ ನಮಗೆ ಎಲ್ಲಕ್ಕಿಂತ ದೊಡ್ಡ ಖರ್ಚು ತಂದದ್ದು ಆ ಎರಡು ಸಣ್ಣ ತೂತುಗಳೇ.

ಟ್ರ್ಯಾಕ್ಟರ್‌ಗೆ ಕಟ್ಟಿ ರಸ್ತೆವರೆಗೆ ಎಳೆದೆವು, ಅಲ್ಲಿಂದ ಲಾರಿಗೆ ಹಾಕಿ ಕಲಬುರಗಿಯ ಗ್ಯಾರೇಜಿಗೆ ತಂದೆವು. ಗ್ಯಾರೇಜಿನ ಚಾಚಾ ಫಿಯಟ್ ಮತ್ತು ಅಂಬಾಸಿಡರ್ ಮೇಲೆಯೇ ಕೈ ಪಳಗಿಸಿಕೊಂಡವರು. ಬಂದವರೆಲ್ಲ ಒಂದೇ ಸಲಹೆ ಕೊಟ್ಟರು, ಈ ಎಂಜಿನ್ ಗುಜರಿಗೆ ಹಾಕು, ಮಾರುತಿ ಎಂಜಿನ್ ಕೂರಿಸು, ಒಂದು ವಾರದಲ್ಲಿ ಓಡಿಸಬಹುದು. ಅವರು ಹೇಳಿದ್ದು ಸುಳ್ಳಲ್ಲ, ಖರ್ಚೂ ಕಡಿಮೆ. ಆದರೆ ಪದ್ಮಿನಿಗೆ ಅದರದ್ದೇ ಒಂದು ಸದ್ದು ಇದೆ. ಸಣ್ಣವನಿದ್ದಾಗ ಆ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಕಾಕಾ ಬಂದರು ಅಂತ ಬಾಗಿಲಿಗೆ ಓಡುತ್ತಿದ್ದೆ. ಬೇರೆ ಎಂಜಿನ್ ಹಾಕಿದರೆ ನನಗೆ ಈ ಗಾಡಿ ಯಾಕೆ ಬೇಕು?

ಎಂಜಿನ್ ಜಾಮ್ ಆಗಿತ್ತು. ಪ್ಲಗ್ ತೂತುಗಳಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹಾಕಿ ಬಿಟ್ಟೆವು. ದಿನಾ ಸಂಜೆ ಸ್ವಲ್ಪ ಸೇರಿಸುವುದು, ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ತಳ್ಳಿ ನೋಡುವುದು. ಒಂಬತ್ತು ದಿನ ಹೀಗೇ. ಐದನೇ ದಿನ ನಾನು ದೊಡ್ಡ ಪಾನಾ ಹಾಕಿ ಜೋರು ಮಾಡಲು ಹೋದೆ. ಚಾಚಾ ಕೈ ಹಿಡಿದರು. "ಬೇಟಾ, ಜಲ್ದಿ ಮಾಡಬ್ಯಾಡ. ಕಬ್ಬಿಣ ತಾನಾಗೇ ಬಿಡಬೇಕು."

ಬಿಡಲಿಲ್ಲ. ಹತ್ತನೇ ದಿನ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಇಳಿಸಿದೆವು. ಇದನ್ನು ಹತ್ತಿರದಿಂದ ನೋಡಿ. ಒಂದು ಮತ್ತು ನಾಲ್ಕನೆಯ ಸಿಲಿಂಡರ್ ಒಳಗೆ ಮಿಂಚುತ್ತಿವೆ, ಪ್ಲಗ್ ಇದ್ದವು ಅಲ್ವಾ, ನೀರು ಇಳಿದಿಲ್ಲ. ಎರಡು ಮತ್ತು ಮೂರು ಪೂರ್ತಿ ಕೆಂಪು. 14 ಮಳೆಗಾಲದ ನೀರು ಬಾನೆಟ್ ಸಂದಿಯಿಂದ ಹನಿ ಹನಿಯಾಗಿ ನೇರ ಆ ತೂತುಗಳಿಗೆ ಇಳಿದಿದೆ. ಪಿಸ್ಟನ್ ಮತ್ತು ಗೋಡೆ ಒಂದೇ ಆಗಿಬಿಟ್ಟಿದ್ದವು. ಕಟ್ಟಿಗೆ ತುಂಡು ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಮತ್ತೆ ಎಣ್ಣೆ ಬಿಟ್ಟು, ಮತ್ತೆ ಬಡಿದು, ಅಂತೂ ಸಂಜೆ ಏಳಕ್ಕೆ ಒಂದು ಕೂದಲೆಳೆಯಷ್ಟು ಸರಿಯಿತು. ಆ ಟಕ್ ಅನ್ನುವ ಸದ್ದು ಕೇಳಿಸಿತಲ್ಲ, ಅದೇ.

ಆಮೇಲೆ ಚಾಚಾ ಸಿಲಿಂಡರಿನ ಗೋಡೆ ಮೇಲೆ ಉಗುರು ಎಳೆದು ತೋರಿಸಿದರು. ಉಗುರು ಜಾರಿದರೆ ಸರಿ. ಸಿಕ್ಕಿಕೊಂಡರೆ ತುಕ್ಕು ಗುಂಡಿ ಮಾಡಿದೆ ಅಂತ ಅರ್ಥ, ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿದರೂ ಅಲ್ಲಿಂದ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದ ಗಾಳಿ, ಸೋರುತ್ತೆ, ಎಣ್ಣೆ ಸುಡುತ್ತೆ. ನನ್ನ ಉಗುರು ಮೂರು ಕಡೆ ಸಿಕ್ಕಿಕೊಂಡಿತು. ಬ್ಲಾಕ್ ಲೇತಿಗೆ ಹೋಯಿತು, ನಾಲ್ಕೂ ಸಿಲಿಂಡರ್ ಬೋರಿಂಗ್ ಮಾಡಿಸಿ, ಅಂದರೆ ಒಳಗೋಡೆ ಕೊರೆದು ಸ್ವಲ್ಪ ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿದೆವು. ಎರಡಕ್ಕೆ ಮಾತ್ರ ಮಾಡಿಸಬಹುದಲ್ವಾ ಅಂತ ಕೇಳಿದ್ದೆ. ಪಿಸ್ಟನ್ ತೂಕ ಬೇರೆ ಬೇರೆ ಆದರೆ ಎಂಜಿನ್ ನಡುಗುತ್ತೆ, ನಾಲ್ಕೂ ಒಂದೇ ಇರಬೇಕು. ನಿಮ್ಮ ಮನೆಯಲ್ಲಿ ಯಾವುದೇ ಹಳೇ ಗಾಡಿ ನಿಂತಿದ್ದರೆ ಇವತ್ತೇ ಹೋಗಿ ಪ್ಲಗ್ ಇವೆಯಾ ನೋಡಿ, ಇಲ್ಲದಿದ್ದರೆ ಒಂದು ಬಟ್ಟೆ ಸುತ್ತಿಯಾದರೂ ತೂತು ಮುಚ್ಚಿ.

ಇನ್ನು ಸಾಮಾನು ಹುಡುಕುವ ಕೆಲಸ. ರೇಡಿಯೇಟರ್ ಮತ್ತು ಡೈನಮೋ ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಸಿಕ್ಕವು. ಡೈನಮೋ ಸುಟ್ಟಿತ್ತು, ಇಲ್ಲೇ ವೈಂಡಿಂಗ್ ಮಾಡಿಸಿದೆವು. ಕಾರ್ಬುರೇಟರ್‌ಗಾಗಿ ರಾತ್ರಿ ರೈಲು ಹತ್ತಿ ಮುಂಬೈಗೆ ಹೋದೆ, ಕುರ್ಲಾದ ಸಿಎಸ್‌ಟಿ ರೋಡಿಗೆ. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು, ಅಲ್ಲಿ ಟ್ಯಾಕ್ಸಿಗೆ 20 ವರ್ಷವೇ ಮಿತಿ. ಈ ಗಾಡಿ ಹುಟ್ಟಿದ ಊರಲ್ಲೇ ಅದರ ಸಾಮಾನು ಗುಜರಿಯಲ್ಲಿ ಹುಡುಕಬೇಕಾಯಿತು, ಬೇಜಾರಾಯಿತು ನನಗೆ.

ಮೊದಲು ಕೈಗೆ ಸಿಕ್ಕ ಸೋಲೆಕ್ಸ್ ಕಂಪನಿಯ ಕಾರ್ಬುರೇಟರ್ ನೋಡಲು ಹೊಸದರಂತೆ ಇತ್ತು. ಚಾಚಾ ವಿಡಿಯೋ ಕಾಲ್‌ನಲ್ಲಿ ಅದರ ಬಾಯಿ ತೋರಿಸು ಅಂದರು. ಒಳಗೆ ಪಕ್ಕದಲ್ಲಿ ಒಂದು ತೂತು. ಟ್ಯಾಕ್ಸಿಗೆ ಗ್ಯಾಸ್ ಕಿಟ್ ಹಾಕುವಾಗ ಕೊರೆದದ್ದು, ಪೆಟ್ರೋಲ್‌ಗೆ ಅದು ಕೆಲಸಕ್ಕೆ ಬಾರದು. ಎರಡನೆಯದರಲ್ಲಿ ತೂತಿಲ್ಲ, ಆದರೆ ಥ್ರಾಟಲ್ ಶಾಫ್ಟ್ ಅಲುಗಾಡಿಸಿದರೆ ಲೊಟಲೊಟ. ಅಲ್ಲಿಂದ ಸುಮ್ನೆ ಗಾಳಿ ಎಳೆದುಕೊಂಡರೆ ಗಾಡಿ ಐಡಲ್ ನಿಲ್ಲುವುದಿಲ್ಲ. ಐದನೆಯದು ಸರಿಯಿತ್ತು. ಒಳಗಿನ ರಬ್ಬರ್, ಗ್ಯಾಸ್ಕೆಟ್, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಎಲ್ಲಾ ಬದಲಿಸಿದೆವು, ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್, ಹಳೇ ರಬ್ಬರ್ ತಡೆಯುವುದಿಲ್ಲ.

ಡಿಸ್ಟ್ರಿಬ್ಯೂಟರ್ ಮಾತ್ರ ಎಲ್ಲೂ ಸಿಗಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ, ಕಳ್ಳರು ಅದನ್ನೂ ಬಿಟ್ಟಿಲ್ಲ ನೋಡಿ ಅಂತ ಕಾಕಾನ ಮುಂದೆ ಬೈದೆ. ಕಾಕಾ ರೊಟ್ಟಿ ಮುರಿಯುವುದು ನಿಲ್ಲಿಸಿದರು.

"ಕಳ್ಳರು ಯಾರೂ ಒಯ್ದಿಲ್ಲೋ. ನಾನೇ ಬಿಚ್ಚಿ ಕೊಟ್ಟೀನಿ."

ವಾಡಿ ಕಡೆ ಒಬ್ಬರು ಫಿಯಟ್ ಬಾಡಿಗೆಗೆ ಓಡಿಸುತ್ತಿದ್ದರಂತೆ. ಗಾಡಿ ಕೆಟ್ಟು ನಿಂತಿತ್ತು, ಸಾಮಾನು ಸಿಗುತ್ತಿರಲಿಲ್ಲ. "ಅವನ ಹೊಟ್ಟಿ ಅದರ ಮ್ಯಾಲ ಇತ್ತು. ನಂದು ಸುಮ್ನೆ ನಿಂತಿತ್ತು," ಅಂದರು ಕಾಕಾ. ಕಾರ್ಬುರೇಟರ್, ಡೈನಮೋ, ಆ ಎರಡು ಪ್ಲಗ್, ಎಲ್ಲಾ ಹಾಗೇ ಒಂದೊಂದಾಗಿ ಬೇರೆ ಬೇರೆಯವರಿಗೆ ಹೋಗಿವೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಷ್ಟು ದಿನ ನಾನು ಇಲ್ಲದ ಕಳ್ಳರನ್ನು ಬೈಯುತ್ತಿದ್ದೆ.

ಮರುದಿನವೇ ವಾಡಿಗೆ ಹೋದೆವು. ಅವರು ತೀರಿಕೊಂಡಿದ್ದರು, ಗಾಡಿಯೂ ಇರಲಿಲ್ಲ. ಮಗ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಸಿದ. ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟ ಡಿಸ್ಟ್ರಿಬ್ಯೂಟರ್. "ಗಾಡಿ ಮಾರುವಾಗ ಅಪ್ಪ ಇದೊಂದು ಬಿಚ್ಚಿ ಇಟ್ಟಿದ್ರು. ಇದು ಗೌಡ್ರದು, ವಾಪಸ್ ಕೊಡಬೇಕು ಅಂತಿದ್ರು," ಅಂದ. ದುಡ್ಡು ಮುಟ್ಟಲಿಲ್ಲ. ಇದನ್ನು ಶೂಟ್ ಮಾಡಿಲ್ಲ, ಆ ಹೊತ್ತಲ್ಲಿ ಕ್ಯಾಮೆರಾ ತೆಗೆಯಲು ಮನಸ್ಸಾಗಲಿಲ್ಲ.

ಅದರ ಬುಷ್ ಸವೆದಿತ್ತು, ಲೇತಿನಲ್ಲಿ ಹಿತ್ತಾಳೆಯದು ಮಾಡಿಸಿದೆವು, ಕಿಡಿಗಾಗಿ ಕರೆಂಟ್ ಕಡಿದು ಜೋಡಿಸುವ ಪಾಯಿಂಟ್ ಹೊಸದು ಹಾಕಿದೆವು. ಮೊದಲು ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು ಎಣ್ಣೆಯ ಕೆಂಪು ದೀಪ ಆರುವವರೆಗೆ ತಿರುಗಿಸಿದೆವು, ಒಣ ಬೇರಿಂಗ್ ಮೇಲೆ ಎಂಜಿನ್ ಓಡಬಾರದು. ಆಮೇಲೆ ಚಾವಿ ತಿರುಗಿಸಿದೆ. ಫಟ್! ಕಾರ್ಬುರೇಟರ್ ಬಾಯಿಂದ ಬೆಂಕಿ ಬಂತು, ನೋಡಿದಿರಲ್ಲ. ತಪ್ಪು ನನ್ನದೇ. ಒಂದನೇ ಪಿಸ್ಟನ್ ಮೇಲೆ ಬಂದಿದೆ ಅಂತ ಡಿಸ್ಟ್ರಿಬ್ಯೂಟರ್ ಕೂರಿಸಿದ್ದೆ. ಆದರೆ ಪಿಸ್ಟನ್ ಎರಡು ಸಲ ಮೇಲೆ ಬರುತ್ತೆ, ಒಮ್ಮೆ ಕಂಪ್ರೆಷನ್‌ಗೆ, ಒಮ್ಮೆ ಹೊಗೆ ತಳ್ಳಲು. ನಾನು ಹಿಡಿದದ್ದು ಎರಡನೆಯದು. ಚಾಚಾ ಪ್ಲಗ್ ಬಿಚ್ಚಿಸಿ ತೂತಿನ ಮೇಲೆ ನನ್ನ ಹೆಬ್ಬೆರಳು ಇಡಿಸಿ ಎಂಜಿನ್ ಕೈಯಿಂದ ತಿರುಗಿಸಿದರು. ಗಾಳಿ ಬೆರಳನ್ನು ಬಲವಾಗಿ ದೂಡಿತು. ಆ ಹೊತ್ತಿಗೆ ಪಿಸ್ಟನ್ ಮೇಲೆ ಬರಬೇಕು, ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಒಂದನೇ ತಂತಿ ಕಡೆ ನೋಡಬೇಕು, ಅಲ್ಲಿಂದ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ 1, 3, 4, 2.

ಕಾಗದದ ಕೆಲಸ ಇನ್ನೂ ಇದೆ, ನೋಂದಣಿ ನವೀಕರಿಸಬೇಕು. 2028ಕ್ಕೆ ಗಾಡಿಗೆ 50 ತುಂಬುತ್ತೆ, ವಿಂಟೇಜ್ ಮಾಡಿಸು ಅಂತ ಕೆಲವರು ಹೇಳುತ್ತಾರೆ. 2021ರ ನಿಯಮದಲ್ಲಿ ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ. ನನಗೆ ಅದು ಬೇಡ. ಈ ಗಾಡಿ ಗಂಜಿಗೆ ಹೋಗಬೇಕು.

ಈಗ ಇದು ಹೋದ ಭಾನುವಾರ. ಕಾಕಾನನ್ನು ಗ್ಯಾರೇಜಿಗೆ ಕರೆದುಕೊಂಡು ಬಂದಿದ್ದೇನೆ. ಚೋಕ್ ಎಳೆದು ಸೆಲ್ಫ್ ಹೊಡೆದೆ, ಮೂರನೇ ಸಲಕ್ಕೆ ಹಿಡಿಯಿತು. ಇಲ್ಲಿ ನಾನು ಮಾತಾಡುವುದಿಲ್ಲ, ಸದ್ದು ಕೇಳಿ.

ಕಾಕಾ ಕಿಟಕಿ ಹತ್ತಿರ ಬಂದು, ನನ್ನ ಕಡೆ ನೋಡದೆ, ಒಳಗೆ ಕೈ ಹಾಕಿ ಚೋಕ್ ಗುಂಡಿಯನ್ನು ಅರ್ಧ ತಳ್ಳಿದರು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಪೂರ್ತಿ ತಳ್ಳಿದರು. "ಈಗ ಸರಿಯಾತು ನೋಡು. ಸರಿ ಆ ಕಡೆ, ನಾ ಕೂಡ್ತೀನಿ."