ಹಳೆಯ ಸಭಾಂಗಣಕ್ಕೆ ಮುಂಬಾಗಿಲ ದಾರಿ

ಕೇಳುಗರಿಗೆ ನಮಸ್ಕಾರ. ಮಡಗಾಂವ್ ಸಮೀಪದ ಹಳ್ಳಿಯೊಂದರ ಹಳೆಯ ಸಭಾಂಗಣದಲ್ಲಿ ಗೋವದ ನಾವೊಂದಿಷ್ಟು ಕನ್ನಡಿಗರು ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಸೇರುತ್ತೇವೆ. ಅದು ಗೋವ ಬಿಡುಗಡೆಯಾದ 1961ಕ್ಕೆ ಎಷ್ಟೋ ಮೊದಲು, ಪೋರ್ಚುಗೀಸರ ಕಾಲದಲ್ಲೇ ಎದ್ದ ಕಟ್ಟಡ. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು. ಕಳೆದ ವರ್ಷ ಗಾಲಿಕುರ್ಚಿಯಲ್ಲಿ ಬಂದ ಹಿರಿಯರೊಬ್ಬರನ್ನು ನಾಲ್ವರು ಯುವಕರು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಹಿರಿಯರು ಮಾತ್ರ ಕಾರ್ಯಕ್ರಮ ಮುಗಿಯುವ ತನಕ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ಶೌಚಾಲಯದ ಬಾಗಿಲು ಅವರ ಕುರ್ಚಿಗಿಂತ ಕಿರಿದಾಗಿತ್ತು.

ದುರಸ್ತಿಯ ಸಭೆಯಲ್ಲಿ ಮೊದಲು ಬಂದ ಸಲಹೆ, ಕಟ್ಟಡದ ಮುಖದ ಅಂದ ಕೆಡದಂತೆ ಇಳಿಜಾರನ್ನು ಹಿಂದೆ, ಅಡುಗೆಮನೆಯ ಬಾಗಿಲಿಗೆ ಕಟ್ಟಬೇಕೆಂಬುದು. ಇದನ್ನು ನಾನು ಒಪ್ಪಲಿಲ್ಲ. ಅತಿಥಿಯನ್ನು ಪಾತ್ರೆ ತೊಳೆಯುವ ಜಾಗದ ಮೂಲಕ ಒಳಗೆ ಕರೆಯುವುದು ನಮ್ಮ ಯಾವ ಮನೆಯ ರೂಢಿ? ಮೆಟ್ಟಿಲಿಗೆ 15 ಸೆಂಟಿಮೀಟರಿನಂತೆ ಮೂರಕ್ಕೆ 45. ಒಂದು ಪಾಲು ಏರಕ್ಕೆ ಹನ್ನೆರಡು ಪಾಲು ಉದ್ದದ ಇಳಿಜಾರೆಂದರೆ 5.4 ಮೀಟರ್ ಉದ್ದ ಬೇಕು. ಅಷ್ಟು ಜಾಗ ಜಗಲಿಯ ಪಕ್ಕದಲ್ಲಿ, ಮುಂಗೋಡೆಯ ಗುಂಟವೇ ಇದೆ. ಅಗಲ 1.2 ಮೀಟರ್, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ಗೋವದ ಮಳೆಯಲ್ಲೂ ಅಷ್ಟಾಗಿ ಜಾರದ ಒರಟು ಕಲ್ಲು. ಹಳೆಯ ಗೋಡೆಗೆ ತಾಗಿಸದೆ ನಡುವೆ ಸ್ವಲ್ಪ ಸಂದು ಬಿಟ್ಟರೆ ನೀರು ಇಂಗಿ ಗೋಡೆ ಹಾಳಾಗುವುದಿಲ್ಲ. ಸಾರ್ವಜನಿಕ ಕಟ್ಟಡಗಳು ಎಲ್ಲರ ಬಳಕೆಗೆ ಒದಗಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ.

ಎರಡನೆಯ ಸಲಹೆ, ಗೋಡೆಗೆ ಸಿಮೆಂಟು ಬಳಿದು ನಾಲ್ಕು ಏಸಿ ಕೂರಿಸುವುದು. ಗೋವದವರು ಚಿರೆ ಎಂದೂ ನಮ್ಮ ಕರಾವಳಿಯವರು ಮುರಕಲ್ಲು ಎಂದೂ ಕರೆಯುವ, ಗೋಡೆಯ ಈ ಕಲ್ಲು ಮಳೆಗಾಲದಲ್ಲಿ ತೇವ ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡಿಯಾಗುವುದಿಲ್ಲ, ಸಿಮೆಂಟು ತೇವವನ್ನು ಒಳಗೇ ಕೂಡಿಹಾಕುತ್ತದೆ. ಇನ್ನು ಏಸಿಯ ತಂಪು ಹೆಂಚಿನ ಸಂದಿಯಿಂದ ಆಕಾಶಕ್ಕೆ! ಆ ಹೆಂಚಾದರೂ ಮಂಗಳೂರಿನ ಮಾದರಿಯದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಅಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹಬ್ಬಿದ್ದು. ಎತ್ತರದ ಮಾಡಿನ ಕೆಳಗೆ ಬಿಸಿಗಾಳಿ ಮೇಲೇರಿ ಸಂದಿಗಳಿಂದ ತಾನಾಗಿ ಹೊರಹೋಗುತ್ತದೆ. ಒಡೆದ ಹೆಂಚು ಬದಲಿಸಿ, ಅಲ್ಲಲ್ಲಿ ಗಾಜಿನ ಹೆಂಚು ಹೊದಿಸಿದರೆ ಹಗಲಲ್ಲಿ ದೀಪವೇ ಬೇಡ. ರಾತ್ರಿಗೆ 60 ವ್ಯಾಟಿನ ಬಲ್ಬಿನ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಸುಮಾರು 75 ವ್ಯಾಟ್ ಎಳೆಯುವ ಹಳೆಯ ಫ್ಯಾನಿನ ಕೆಲಸವನ್ನು 30 ವ್ಯಾಟಿನ ಹೊಸ ಬಗೆಯದು ಮಾಡುತ್ತದೆ. ಸೌರಫಲಕವನ್ನು ಹಿಂದಿನ ಮಾಡಿನ ಮೇಲಿಡಬಹುದು, ಆದರೆ ಹೆಂಚನ್ನು ಹೊರುವ ಮರದ ಪಕಾಸಿಗಳು ಆ ಭಾರ ತಾಳುತ್ತವೆಯೇ ಎಂದು ಬಡಗಿಯೊಬ್ಬರು ತಟ್ಟಿ ನೋಡಿದ ಮೇಲೆ.

ಹೊಸ್ತಿಲ ವಿಷಯದಲ್ಲಿ ಮಾತ್ರ ಸಭೆ ಬಿಸಿಯಾಯಿತು. ಅರಿಸಿನ ಕುಂಕುಮ ಕಂಡ ಮರವನ್ನು ಕೆತ್ತುವುದೇ ಎಂದು ಹಿರಿಯ ಸದಸ್ಯೆಯೊಬ್ಬರು ಕೇಳಿದರು. ಹೊಸ್ತಿಲು ಇದ್ದಲ್ಲೇ ಇರಲಿ, ಎರಡೂ ಕಡೆ ಗಾಲಿ ಹತ್ತಿ ಇಳಿಯುವಂತೆ ಹಲಗೆಯ ಚಿಕ್ಕ ಇಳಿಜಾರು ಕೂರಿಸೋಣವೆಂದು ಕೊನೆಗೆ ಅವರೇ ಸೂಚಿಸಿದರು.

ಗಾರೆ ಕೆಲಸ ಮಳೆ ನಿಂತ ಮೇಲೆ. ಶೌಚಾಲಯದ ಬಾಗಿಲನ್ನು 90 ಸೆಂಟಿಮೀಟರಿಗೆ ಹಿಗ್ಗಿಸಿ ಹೊರಕ್ಕೆ ತೆರೆಯುವಂತೆ ಮಾಡುವುದು ಮಾತ್ರ ಅದಕ್ಕೂ ಮೊದಲೇ ಆಗಬೇಕೆಂದು ನಾನು ಪಟ್ಟು ಹಿಡಿದಿದ್ದೇನೆ. ನವೆಂಬರ್ ದೂರವಿಲ್ಲ, ಆ ಹಿರಿಯರು ಈ ಸಲವೂ ಬರುತ್ತೇನೆ ಎಂದಿದ್ದಾರೆ. ನಮಸ್ಕಾರ.